23 ಗಂಟೆಯ ಜೋಡು

ಅಂಗೈ ಮೇಲೆ ಕೂರುವಷ್ಟು ಪುಟ್ಟ ಎರಡು ಚರ್ಮದ ಬೂಟುಗಳು. ಬೆರಳು ಕಾಣುವಂತೆ ಮುಂಭಾಗ ತೆರೆದಿದೆ. ಕಣಕಾಲಿನ ಬಳಿ ಒಂದು ಅಡ್ಡಪಟ್ಟಿ, ಜೊತೆಗೆ ಲೇಸು. ಎರಡರ ಅಟ್ಟೆಗಳನ್ನೂ ಒಂದೇ ಕಂಬಿಗೆ ಬಿಗಿದಿದ್ದಾರೆ. ಬೂಟಿನ ಮೂತಿಗಳು ಮಾತ್ರ ಒಂದರ ಮೇಲೊಂದು ಮುನಿಸಿಕೊಂಡಂತೆ ಆಚೀಚೆ ತಿರುಗಿವೆ. ಹಿಮ್ಮಡಿ ಬರುವಲ್ಲಿ ಒಂದು ತೂತು. ಮೊದಲ ಸಲ ಕೈಗೆ ಬಂದಾಗ, ಹಾಳಾದದ್ದನ್ನು ಕೊಟ್ಟರೇನೋ ಎಂದು ಅನುಮಾನ ಬಂದರೆ ಆಶ್ಚರ್ಯವಿಲ್ಲ. ಆ ತೂತನ್ನು ಬೇಕೆಂದೇ ಬಿಟ್ಟಿರುತ್ತಾರೆ. ಬೂಟು ಕಟ್ಟಿದ ಮೇಲೆ ಅದರೊಳಗೆ ಇಣುಕಿ, ಮಗುವಿನ ಹಿಮ್ಮಡಿ ತಳಕ್ಕೆ ತಾಗಿ ಕೂತಿದೆಯೋ ಮೇಲೆದ್ದಿದೆಯೋ ಎಂದು ನೋಡಿಕೊಳ್ಳಬೇಕು.

ಹುಟ್ಟುವಾಗಲೇ ಪಾದ ಒಳಕ್ಕೂ ಕೆಳಕ್ಕೂ ತಿರುಚಿಕೊಂಡಿರುವ ಮಕ್ಕಳಿಗೆ ತೊಡಿಸುವ ಬ್ರೇಸ್ ಇದು. ಆಸ್ಪತ್ರೆಯಲ್ಲಿ ಕ್ಲಬ್‌ಫೂಟ್ ಎನ್ನುತ್ತಾರೆ, ಊರಿನಲ್ಲಿ ಸೊಟ್ಟಪಾದ. ಹೆಚ್ಚುಕಡಿಮೆ 800ರಿಂದ 1000 ಮಕ್ಕಳಿಗೆ ಒಂದರಂತೆ ಕಾಣಿಸಿಕೊಳ್ಳುತ್ತದೆ. ಗಂಡುಮಕ್ಕಳಲ್ಲಿ ಹೆಣ್ಣುಮಕ್ಕಳಿಗಿಂತ ಎರಡು ಪಟ್ಟು ಹೆಚ್ಚು. ಅರ್ಧದಷ್ಟು ಮಕ್ಕಳಿಗೆ ಎರಡೂ ಪಾದ ಹಾಗೆಯೇ ಇರುತ್ತದೆ. ಬಹುಪಾಲು ಮಕ್ಕಳಲ್ಲಿ ಇದಕ್ಕೆ ಇಂಥದ್ದೇ ಕಾರಣ ಎಂದು ಬೆರಳಿಟ್ಟು ತೋರಿಸಲಾಗದು. ವಂಶವಾಹಿಗಳ ಪಾಲಿದೆ, ಅದೊಂದೇ ಅಲ್ಲ. ಗ್ರಹಣದ ದಿನ ಬಸುರಿ ಹೊರಗೆ ಬಂದಳು, ಕತ್ತರಿ ಹಿಡಿದಳು ಎಂಬ ಮಾತಿಗೆ ಇಲ್ಲಿ ಯಾವ ಆಧಾರವೂ ಇಲ್ಲ. ಆದರೂ ಹಸಿ ಬಾಣಂತಿಯ ಕಿವಿಗೆ ಆ ಮಾತು ಬಿದ್ದೇ ಬೀಳುತ್ತದೆ, ಅದೂ ಚಿಕಿತ್ಸೆಯ ಸುದ್ದಿಗಿಂತ ಮುಂಚೆ.

ಈ ಚಿಕಿತ್ಸೆಗೆ ಇಗ್ನಾಸಿಯೊ ಪೊನ್ಸೆಟಿ ಎಂಬ ವೈದ್ಯರ ಹೆಸರಿದೆ. 1914ರ ಜೂನ್ 3ರಂದು ಸ್ಪೇನಿನ ಮಿನೋರ್ಕಾ ದ್ವೀಪದಲ್ಲಿ ಗಡಿಯಾರ ರಿಪೇರಿಯವನ ಮಗನಾಗಿ ಹುಟ್ಟಿದರು. ಹುಡುಗನಾಗಿದ್ದಾಗ ಅಪ್ಪನ ಅಂಗಡಿಯಲ್ಲಿ ಸಣ್ಣ ಚಕ್ರಗಳನ್ನು ಜೋಡಿಸಿದ್ದರು. ಡಾಕ್ಟರಾದ ಹೊತ್ತಿಗೇ ಸ್ಪೇನಿನ ಅಂತರ್ಯುದ್ಧ ಶುರುವಾಯಿತು. ಗಾಯಾಳುಗಳಿಗೆ ಚಿಕಿತ್ಸೆ ಕೊಡುತ್ತ, ಸೋತ ಪಾಳಯದ ಜೊತೆ ಪಿರನೀಸ್ ಪರ್ವತ ದಾಟಿ ಫ್ರಾನ್ಸಿಗೆ, ಅಲ್ಲಿಂದ ಮೆಕ್ಸಿಕೊಗೆ, ಕೊನೆಗೆ 1941ರಲ್ಲಿ ಅಮೆರಿಕದ ಅಯೋವಾಕ್ಕೆ ಬಂದರು. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದ ಸೊಟ್ಟಪಾದಗಳು ದೊಡ್ಡವಾದ ಮೇಲೆ ಪೆಡಸಾಗಿ, ನೋವಿನಿಂದ ನರಳುವುದನ್ನು ಅಲ್ಲಿ ಕಂಡರು. ಕತ್ತಿಯಿಲ್ಲದೆ ಇದನ್ನು ತಿದ್ದಲು ಆಗದೇ ಎಂದು 1940ರ ದಶಕದ ಕೊನೆಯಲ್ಲಿ ಹುಡುಕಾಟಕ್ಕೆ ಇಳಿದರು.

ಪ್ಲಾಸ್ಟರ್ ಹಾಕಿ ತಿದ್ದುವ ಪ್ರಯತ್ನ ಹೊಸದೇನೂ ಆಗಿರಲಿಲ್ಲ. ಅಟ್ಲಾಂಟಾದ ಡಾ. ಕೈಟ್ ಅವರ ವಿಧಾನ ಚಾಲ್ತಿಯಲ್ಲಿತ್ತು, ಆದರೆ ಎಷ್ಟೋ ತಿಂಗಳು ಹಿಡಿಯುತ್ತಿತ್ತು. ಪೊನ್ಸೆಟಿ ಕಂಡುಕೊಂಡದ್ದು ಹೆಬ್ಬೆರಳನ್ನು ಎಲ್ಲಿ ಇಡಬೇಕು ಎಂಬ ಸೂಕ್ಷ್ಮವನ್ನು. ಕಣಕಾಲಿನ ತಾಲಸ್ ಮೂಳೆಯ ತುದಿಗೆ ಹೊರಗಡೆಯಿಂದ ಹೆಬ್ಬೆರಳು ಆನಿಸಿ, ಉಳಿದ ಪಾದವನ್ನು ಮೆಲ್ಲಗೆ ಹೊರಕ್ಕೆ ಹೊರಳಿಸಿದರೆ ಹಿಮ್ಮಡಿಯ ಮೂಳೆ ತಾನಾಗಿ ಹಾದಿಗೆ ಬರುತ್ತದೆ. ಹೆಬ್ಬೆರಳು ಇನ್ನೊಂದಿಷ್ಟು ಮುಂದೆ, ಪಾದದ ಹೊರ ಅಂಚಿನ ಮೂಳೆಗೆ ಒತ್ತಿದರೆ ಹಿಮ್ಮಡಿ ತಿರುಗಲು ಎಡೆಯೇ ಇರುವುದಿಲ್ಲ. ಅದನ್ನು ಅವರು ನೇರವಾಗಿಯೇ ‘ಕೈಟ್ ಅವರ ತಪ್ಪು’ ಎಂದು ಕರೆದರು. 1963ರಲ್ಲಿ ಈ ಬಗ್ಗೆ ಪ್ರಬಂಧ ಪ್ರಕಟಿಸಿದರು. ಮೂಳೆವೈದ್ಯರ ಜಗತ್ತು ಮೂರು ದಶಕಗಳಷ್ಟು ಕಾಲ ಅದನ್ನು ಬದಿಗಿಟ್ಟು ಕತ್ತಿಯನ್ನೇ ನಂಬಿತು. 1995ರಲ್ಲಿ ಅಯೋವಾದ ಹಳೆಯ ರೋಗಿಗಳನ್ನು, ಅವರಿಗೆ ಸರಾಸರಿ 34 ವರ್ಷವಾಗಿದ್ದಾಗ, ಮತ್ತೆ ಕರೆಸಿ ನೋಡಿದ ಅಧ್ಯಯನವೊಂದು ಹೊರಬಂತು. ಶೇಕಡ 78 ಮಂದಿಯ ಪಾದ ಉತ್ತಮ ಇಲ್ಲವೇ ಅತ್ಯುತ್ತಮ ಎನ್ನುವಂತಿತ್ತು. ಸೊಟ್ಟಪಾದವೇ ಇಲ್ಲದೆ ಹುಟ್ಟಿದ ಅದೇ ವಯಸ್ಸಿನವರಲ್ಲಿ ಆ ಅಂಕಿ 85. ಮರುವರ್ಷ ಪೊನ್ಸೆಟಿ ಅವರ ಪುಸ್ತಕ ಬಂತು. ವಿಧಾನ ಹರಡಿದ್ದರಲ್ಲಿ ವೈದ್ಯರಿಗಿಂತ ತಂದೆತಾಯಿಯರ ಪಾಲು ದೊಡ್ಡದು. ಅವರೇ ಒಬ್ಬರಿಗೊಬ್ಬರು ಸುದ್ದಿ ಮುಟ್ಟಿಸಿ, ಮಕ್ಕಳನ್ನು ಎತ್ತಿಕೊಂಡು ಅಯೋವಾದ ಹಾದಿ ಹಿಡಿದರು. 2009ರಲ್ಲಿ ತೀರಿಕೊಂಡಾಗ ಪೊನ್ಸೆಟಿ ಅವರಿಗೆ 95 ವರ್ಷ. ಅವರ ಹುಟ್ಟಿದ ದಿನವೇ ಈಗ ವಿಶ್ವ ಕ್ಲಬ್‌ಫೂಟ್ ದಿನ.

ಚಿಕಿತ್ಸೆಯ ಮೊದಲ ಭಾಗ ಚುರುಕಾಗಿ ಮುಗಿಯುತ್ತದೆ. ಮಗು ಹುಟ್ಟಿದ ಕೆಲ ವಾರಗಳಲ್ಲೇ ಶುರು. ವಾರಕ್ಕೊಮ್ಮೆ ಪಾದವನ್ನು ಕೈಯಿಂದ ಹದವಾಗಿ ತಿರುಗಿಸಿ, ಬೆರಳಿನಿಂದ ತೊಡೆಸಂದಿನವರೆಗೆ, ಮೊಣಕಾಲು ಮಡಿಸಿದಂತೆ ಪ್ಲಾಸ್ಟರ್ ಹಾಕುತ್ತಾರೆ. ಸಾಮಾನ್ಯವಾಗಿ ಐದರಿಂದ ಏಳು ಪ್ಲಾಸ್ಟರ್. ಕೊನೆಗೆ ಹಿಮ್ಮಡಿಯ ಹಿಂದಿನ ಬಿಗಿ ಉಳಿದಿರುತ್ತದೆ. ಆಗ ಬಹುಪಾಲು ಮಕ್ಕಳಿಗೆ ಆ ಜಾಗಕ್ಕಷ್ಟೇ ಮರಗಟ್ಟಿಸುವ ಮದ್ದು ಕೊಟ್ಟು ಅಲ್ಲಿನ ಸ್ನಾಯುರಜ್ಜುವನ್ನು ಸಣ್ಣ ಕಚ್ಚಿನಲ್ಲಿ ಬಿಡಿಸುತ್ತಾರೆ. ‘ನರ ಕತ್ತರಿಸ್ತಾರಂತೆ’ ಎಂಬ ಸುದ್ದಿ ಮನೆ ಮುಟ್ಟಿತೋ, ಅಜ್ಜಿ ಊಟ ಬಿಡುತ್ತಾರೆ. ನರದ ಗೊಡವೆಗೇ ಹೋಗುವುದಿಲ್ಲ. ಆಮೇಲೆ ಹಾಕುವ ಕೊನೆಯ ಪ್ಲಾಸ್ಟರ್ ಮೂರು ವಾರ ಇರುತ್ತದೆ, ಅಷ್ಟರಲ್ಲಿ ರಜ್ಜು ತುಸು ಉದ್ದವಾಗಿ ಮತ್ತೆ ಬೆಸೆದುಕೊಳ್ಳುತ್ತದೆ. ಪ್ಲಾಸ್ಟರ್ ಬಿಚ್ಚಿದ ದಿನ ಪಾದ ಎಷ್ಟು ನೆಟ್ಟಗಿರುತ್ತದೆಂದರೆ ಮನೆಮಂದಿಯೆಲ್ಲ ಕೈಮುಗಿಯುತ್ತಾರೆ.

ಎಡವಟ್ಟು ಶುರುವಾಗುವುದು ಆ ದಿನವೇ ಎಂದು ನನಗನ್ನಿಸುತ್ತದೆ. ಕಣ್ಣಿಗೆ ಕಾಣುವ ಸೊಟ್ಟ ಹೋಯಿತು, ವೈದ್ಯರ ಕೈಚಳಕ ಮುಗಿಯಿತು. ಉಳಿದದ್ದು ಆ ಜೋಡು ಮಾತ್ರ. ಮೊದಲ ಮೂರು ತಿಂಗಳು ದಿನಕ್ಕೆ 23 ಗಂಟೆ. ಆಮೇಲೆ ರಾತ್ರಿ ಮತ್ತು ಹಗಲಿನ ನಿದ್ದೆಯ ಹೊತ್ತು ಸೇರಿ 12ರಿಂದ 14 ಗಂಟೆ, ಮಗುವಿಗೆ ನಾಲ್ಕೈದು ವರ್ಷ ತುಂಬುವವರೆಗೆ. ಪಾದವನ್ನು ಒಳಕ್ಕೆ ಎಳೆದಿದ್ದ ಬಿಗಿ ಹಿಮ್ಮಡಿಯ ಹಿಂದೆಯೂ ಪಾದದ ಒಳಮಗ್ಗುಲಲ್ಲೂ ಇನ್ನೂ ಇರುತ್ತದೆ, ಬೆಳೆಯುವ ಪಾದವನ್ನು ಮತ್ತೆ ತನ್ನತ್ತ ಎಳೆಯುತ್ತದೆ. ಬ್ರೇಸ್ ಅದಕ್ಕೆ ಎದುರಾಗಿ ಹಿಡಿದು ನಿಲ್ಲಿಸುತ್ತದೆ: ಸೊಟ್ಟವಿದ್ದ ಪಾದ 60ರಿಂದ 70 ಡಿಗ್ರಿ ಹೊರಕ್ಕೆ, ಒಂದೇ ಪಾದದ ತೊಂದರೆಯಾದರೆ ಸರಿಯಿರುವ ಪಾದ 30ರಿಂದ 40 ಡಿಗ್ರಿ, ನಡುವಿನ ಕಂಬಿ ಮಗುವಿನ ಭುಜದಷ್ಟು ಅಗಲ. ಬ್ರೇಸ್ ತಪ್ಪದೆ ಹಾಕಿದ ಮನೆಗಳಲ್ಲಿ ನೂರಕ್ಕೆ ಆರು ಮಕ್ಕಳಲ್ಲಿ ಪಾದ ಮತ್ತೆ ತಿರುಗಿತು, ಬಿಟ್ಟುಬಿಟ್ಟ ಮನೆಗಳಲ್ಲಿ 80ಕ್ಕೂ ಹೆಚ್ಚು ಎಂಬುದು ಅಯೋವಾದ ಅನುಭವ.

ಆದ್ದರಿಂದ ಚಿಕಿತ್ಸೆಯ ದೊಡ್ಡ ಪಾಲು ನಡೆಯುವುದು ಮನೆಯಲ್ಲಿ, ಮಲಗುವ ಹಾಸಿಗೆಯ ಮೇಲೆ, ಬಹಳ ಸಲ ತಾಯಿಯೊಬ್ಬಳ ಕೈಯಲ್ಲಿ. ಅದು ಕಲಿಯಬೇಕಾದ ಕಸುಬು. ಒಂದೇ ಮಡಿಕೆಯೂ ಇಲ್ಲದಂತೆ ಎಳೆದು ಹಾಕಿದ ಹತ್ತಿಯ ಕಾಲುಚೀಲದಿಂದ ಅದು ಶುರು. ಹೆಚ್ಚು ಸೊಟ್ಟವಿದ್ದ ಪಾದವನ್ನು ಮೊದಲು ಬೂಟಿಗೆ ಇಳಿಸಬೇಕು. ಮೊಣಕಾಲು ಮಡಿಸಿ ಹಿಡಿದರೆ ಹಿಮ್ಮಡಿ ಸಲೀಸಾಗಿ ಕೆಳಗಿಳಿಯುತ್ತದೆ. ಲೇಸಿಗಿಂತ ಮುಂಚೆ ಕಣಕಾಲಿನ ಪಟ್ಟಿ ಬಿಗಿಯಬೇಕು, ಏಕೆಂದರೆ ಹಿಮ್ಮಡಿಯನ್ನು ಹಿಡಿದಿಡುವುದು ಆ ಪಟ್ಟಿಯೇ. ಆಮೇಲೆ ಕಾಲನ್ನು ಮೆಲ್ಲಗೆ ಮೇಲೆ ಕೆಳಗೆ ಎಳೆದು ನೋಡಬೇಕು. ಬೆರಳುಗಳು ಹಿಂದೆ ಮುಂದೆ ಸರಿದವೋ, ಹಿಮ್ಮಡಿ ಕೂತಿಲ್ಲ ಎಂದರ್ಥ, ಪಟ್ಟಿ ಇನ್ನೊಂದು ಸಲ ಬಿಗಿಯಬೇಕು. ಹಿಮ್ಮಡಿ ಕೂತಾಗ ಬೆರಳು ಎಲ್ಲಿಗೆ ಬರುತ್ತದೆ ಎಂದು ಬೂಟಿನ ಒಳತಳದ ಮೇಲೆ ಪೆನ್ನಿನಲ್ಲಿ ಗೆರೆ ಎಳೆದುಕೊಂಡರೆ ಅರ್ಧರಾತ್ರಿ ತೂತಿನೊಳಗೆ ಇಣುಕುವ ಕಷ್ಟ ತಪ್ಪುತ್ತದೆ. ಹಳೆಯ ಕಾಲುಚೀಲದ ಮೂತಿ ಕತ್ತರಿಸಿ ಹಾಕಿದರೆ ಬೆರಳು ಒಳಗೆ ಮಡಚಿಕೊಂಡಿಲ್ಲವೆಂದೂ ಗೊತ್ತಾಗುತ್ತದೆ.

ಬೂಟು ಸಡಿಲ ಬಿಟ್ಟರೆ ಮಗುವಿಗೆ ಹಿತ ಎಂದು ಯಾರಿಗಾದರೂ ಅನ್ನಿಸುತ್ತದೆ. ನಡೆಯುವುದು ಅದಕ್ಕೆ ಉಲ್ಟಾ. ಸಡಿಲವಾದಲ್ಲಿ ಪಾದ ಜಾರುತ್ತದೆ, ಜಾರಿದಲ್ಲಿ ಉಜ್ಜುತ್ತದೆ, ಉಜ್ಜಿದಲ್ಲಿ ಬೊಬ್ಬೆ ಏಳುತ್ತದೆ. ಬೊಬ್ಬೆ ಕಂಡು ಕರುಳು ಚುರ್ ಎಂದು ಬ್ರೇಸ್ ಬಿಚ್ಚಿಡುತ್ತಾರೆ, ನಾಲ್ಕು ದಿನದಲ್ಲಿ ಪಾದ ಬಿಗಿಯುತ್ತದೆ, ಬೂಟು ಇನ್ನಷ್ಟು ಜಾರುತ್ತದೆ. ಸ್ವಲ್ಪ ಕೆಂಪಗಾಗುವುದು ಸಹಜ. ಹಿಮ್ಮಡಿಯ ಹಿಂದೆ ಕಡುಕೆಂಪು ಕಂಡರೆ ಸಾಮಾನ್ಯವಾಗಿ ಬೂಟು ಸಾಕಷ್ಟು ಬಿಗಿಯಿಲ್ಲ ಎಂದೇ ಅರ್ಥ. ಕೆಂಪಾದ ಜಾಗಕ್ಕೆ ಎಣ್ಣೆ, ಕ್ರೀಮು ಸವರಬಾರದು. ಹುಣ್ಣಾದರೆ ಆಸ್ಪತ್ರೆಗೆ ತೋರಿಸಬೇಕು.

ಬಾಣಂತನದ ಮನೆಯ ಲೆಕ್ಕ ಬೇರೆಯೇ. 24ರಲ್ಲಿ 23 ಗಂಟೆ ಕಳೆದರೆ ಸ್ನಾನಕ್ಕೆಂದು ಉಳಿಯುವುದು ಒಂದೇ ಗಂಟೆ. ಮಗುವಿಗೆ ಎಣ್ಣೆ ತೀಡಿ ನೀರೆರೆಯುವ ಹೆಂಗಸು ಅನುಭವಸ್ಥಳೇ ಇರಬಹುದು. ಈ ಪಾದವನ್ನು ಮಾತ್ರ ಎಳೆದು ನೀವಿ ‘ಸರಿ ಮಾಡಲು’ ಅವಳಿಗೆ ಬಿಡಬಾರದು. ಸ್ನಾನ ಮುಗಿದ ಮೇಲೆ ಬೆರಳಸಂದಿಯವರೆಗೆ ಒರೆಸಿ ಒಣಗಿಸದಿದ್ದರೆ ಪಾದ ಬೂಟಿನಲ್ಲಿ ನಿಲ್ಲುವುದಿಲ್ಲ. ಸೀರೆಯ ಜೋಲಿ ಈ ಕಂಬಿಗೆ ಒಗ್ಗುವುದಿಲ್ಲ, ಬಟ್ಟೆ ಎರಡೂ ಕಡೆಯಿಂದ ಒತ್ತುತ್ತದೆ. ಅಗಲವಾದ ತೊಟ್ಟಿಲೋ ನೆಲದ ಹಾಸಿಗೆಯೋ ವಾಸಿ. ಕಾಲುದ್ದದ ಪ್ಯಾಂಟಿಗಿಂತ ಅಂಗಿ, ಲಂಗೋಟಿ ಅನುಕೂಲ. ಕಂಬಿಗೆ ಬಟ್ಟೆಯನ್ನೋ ಸೈಕಲ್ ಹ್ಯಾಂಡಲಿನ ಸ್ಪಂಜನ್ನೋ ಸುತ್ತಿಡಬೇಕು, ಮಗುವಿಗಷ್ಟೇ ಅಲ್ಲ, ಪಕ್ಕದಲ್ಲಿ ಮಲಗುವವರ ಮೊಣಕಾಲಿಗೂ ಅದು ಒಳ್ಳೆಯದು.

ಮೊದಲ ಒಂದೆರಡು ದಿನ ಮಗು ಅಳುತ್ತದೆ. ನೋವಿಗಿಂತ ಹೆಚ್ಚಾಗಿ, ಎರಡು ಕಾಲನ್ನೂ ಬೇರೆ ಬೇರೆಯಾಗಿ ಒದೆಯಲು ಆಗದ ಕೋಪಕ್ಕೆ. ಕಂಬಿಯನ್ನು ಹಿಡಿದು ಮೆಲ್ಲಗೆ ತಳ್ಳಿ ಎಳೆದು, ಎರಡೂ ಮೊಣಕಾಲು ಒಟ್ಟಿಗೆ ಮಡಿಸಿ ಬಿಡಿಸುವ ಆಟ ಆಡಿಸಿದರೆ ಜೋಡಿಗಾಲಲ್ಲಿ ಒದೆಯುವ ವಿದ್ಯೆ ಬೇಗ ಬರುತ್ತದೆ. ಬಂದ ಮೇಲೆ ಆ ಕಂಬಿಯನ್ನು ತೊಟ್ಟಿಲಿಗೆ ಕುಟ್ಟಿ ಮನೆಯವರನ್ನು ಎಬ್ಬಿಸುವುದೂ ಬರುತ್ತದೆ. ಕಷ್ಟದ ಕಾಲ ಇನ್ನೂ ಮುಂದಿದೆ. ಎರಡು ವರ್ಷದ ಮಗು ಹಗಲೆಲ್ಲ ಓಡಾಡಿಕೊಂಡಿದ್ದು, ಪಟ್ಟಿ ಬಿಚ್ಚುವುದನ್ನು ಕಲಿತು, ರಾತ್ರಿ ‘ಬೇಡ’ ಎಂದು ಹಟ ಹಿಡಿಯುತ್ತದೆ. ಅದೇ ಹೊತ್ತಿಗೆ ಅತ್ತೆಯವರು, ‘ಕಾಲು ನೆಟ್ಟಗಾಯ್ತಲ್ಲೇ, ಇನ್ಯಾಕೆ ಮಗೂನ ಗೋಳುಹೊಯ್ಕೊಳ್ತೀಯ’ ಎನ್ನುತ್ತಾರೆ. ಹಲ್ಲುಜ್ಜಿ ಮಲಗುವಂತೆ ಬೂಟು ಹಾಕಿ ಮಲಗುವುದು ಎಂದು ಮೊದಲಿನಿಂದಲೂ ಚೌಕಾಶಿಯಿಲ್ಲದೆ ನಡೆಸಿಕೊಂಡು ಬಂದ ಮನೆಯಲ್ಲಿ ಈ ಜಗಳ ಕಡಿಮೆ. ಒಂದು ರಾತ್ರಿ ಕೈಬಿಟ್ಟರೆ ಪ್ರಳಯವೇನೂ ಆಗದು, ಆದರೆ ಅತ್ತರೆ ಬಿಚ್ಚುತ್ತಾರೆ ಎಂಬ ಗುಟ್ಟು ಮಗುವಿಗೆ ತಿಳಿದುಬಿಡುತ್ತದೆ.

ಈ ಜೋಡಿನ ಹಿಂದೆಯೂ ಒಬ್ಬ ಕುಶಲಿ ಇದ್ದಾರೆ. 1930ರ ದಶಕದಲ್ಲಿ ಡೆನಿಸ್ ಬ್ರೌನ್ ಎಂಬ ಶಸ್ತ್ರವೈದ್ಯರು ಬಳಕೆಗೆ ತಂದ ಕಂಬಿಯ ಮಾದರಿ ಬಹಳ ಕಾಲ ನಡೆಯಿತು. ಅಯೋವಾದಲ್ಲಿ ಜಾನ್ ಮಿಚೆಲ್ ಎಂಬ ತಯಾರಕರು ಪೊನ್ಸೆಟಿ ಜೊತೆ ಕೂತು ಮೆತ್ತನೆಯ ಚಪ್ಪಲಿಯ ಬ್ರೇಸ್ ಮಾಡಿದರು; ಹಿತವಾಗಿದೆ, ಬೆಲೆಯೂ ಹಾಗೇ ಇದೆ. ನಮ್ಮಂಥ ದೇಶಗಳಿಗೆ ಹತ್ತಿರವಾದದ್ದು ಮಿಕೀಲ್ ಸ್ಟೀನ್‌ಬೀಕ್ ಎಂಬ ಡಚ್ ತಜ್ಞರು ಉಗಾಂಡದಲ್ಲಿ ರೂಪಿಸಿದ ಮಾದರಿ. ಚರ್ಮ, ಪ್ಲೈವುಡ್, ಸಾದಾ ಕಬ್ಬಿಣದ ಸರಳು ಇದ್ದರೆ ಸಾಕು. ಜೋಡು ಹೊಲಿಯುವ ಮಷಿನ್, ಮರಗೆಲಸದ ಸಲಕರಣೆ, ವೆಲ್ಡಿಂಗ್ ಇರುವ ಯಾವ ವರ್ಕ್‌ಶಾಪಿನಲ್ಲೂ ಮಾಡಬಹುದು. ಮೊದಲಿಗೆ ಹೇಳಿದ ಇಣುಕುವ ತೂತಿನ ಬೂಟು ಇದೇ. ಭಾರತದ ಎಷ್ಟೋ ಕ್ಲಿನಿಕ್ಕುಗಳಲ್ಲಿ ಮಕ್ಕಳ ಕಾಲಲ್ಲಿ ಕಾಣುವುದು ಇದೇ ಜಾತಿಯ ಜೋಡು. ನಾಜೂಕಿನದಲ್ಲ ನಿಜ, ಕೆಟ್ಟರೆ ಊರಲ್ಲೇ ಸರಿಮಾಡಿಸಬಹುದೆಂಬುದು ನನ್ನ ಕಣ್ಣಿಗೆ ದೊಡ್ಡ ಗುಣ.

ಖರ್ಚಿಗೆ ಹೆದರಿ ಕೂರಬೇಕಾಗಿಲ್ಲ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿನಿಂದಲೇ ಗುರುತಿಸಬೇಕಾದ ತೊಂದರೆಗಳ ಪಟ್ಟಿಯಲ್ಲಿ ಸೊಟ್ಟಪಾದವೂ ಇದೆ. ಹೆರಿಗೆಯಾದ ಆಸ್ಪತ್ರೆಯಲ್ಲೇ ಮಗುವಿನ ತಪಾಸಣೆ ಆಗಬೇಕು. ಮನೆಯಲ್ಲಿ ಹೆರಿಗೆಯಾದರೆ ಆಶಾ ಕಾರ್ಯಕರ್ತೆ ಬಂದು ನೋಡಬೇಕು. ಅಲ್ಲಿಂದ ಜಿಲ್ಲಾ ಕೇಂದ್ರಕ್ಕೆ ಕಳುಹಿಸಿ ಚಿಕಿತ್ಸೆ ಉಚಿತವಾಗಿ ಕೊಡಿಸುವ ವ್ಯವಸ್ಥೆ ಅದರಲ್ಲಿದೆ. ಮೊದಲು ಕ್ಯೂರ್ ಇಂಡಿಯಾ ಎಂದಿದ್ದು ಈಗ ಅನುಷ್ಕಾ ಫೌಂಡೇಶನ್ ಎಂಬ ಹೆಸರಿನಲ್ಲಿರುವ ಸಂಸ್ಥೆ ಹಲವು ರಾಜ್ಯಗಳ ಸರ್ಕಾರಿ ಆಸ್ಪತ್ರೆಗಳ ಜೊತೆ ಸೇರಿ, ಬ್ರೇಸಿನ ಜೊತೆಗೆ ತಂದೆತಾಯಿಗೆ ತಿಳಿಹೇಳುವ ಆಪ್ತಸಮಾಲೋಚಕರನ್ನೂ ಒದಗಿಸುತ್ತ ಬಂದಿದೆ.

ಆ ತಿಳಿಹೇಳುವ ಕೆಲಸಕ್ಕೆ ಇನ್ನಷ್ಟು ಸಮಯ ಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಪಾದ ಮತ್ತೆ ತಿರುಗಿದಾಗ ಕೇಸ್ ಹಾಳೆಯ ಮೇಲೆ ‘ಬ್ರೇಸ್ ಹಾಕಿಲ್ಲ’ ಎಂದು ಒಂದು ಸಾಲು ಬೀಳುತ್ತದೆ, ಹೊರೆ ತಾಯಿಯ ತಲೆಗೆ. ಬೂಟು ಚಿಕ್ಕದಾಗಿತ್ತೇ, ಮುಂದಿನ ಅಳತೆ ಸಿಗುವ ಊರಿಗೆ ಹೋಗಲು ಒಂದು ದಿನದ ಕೂಲಿ ಬಿಡಬೇಕಿತ್ತೇ, ಕಟ್ಟುವುದನ್ನು ಅವಳ ಕೈಯಿಂದಲೇ ಮಾಡಿಸಿ ನೋಡಿದ್ದರೇ, ಮಗುವಿನ ಅಪ್ಪನಿಗೆ ಬೂಟು ಕಟ್ಟಲು ಬರುತ್ತದೆಯೇ ಎಂಬ ಪ್ರಶ್ನೆಗಳಿಗೆ ಆ ಹಾಳೆಯಲ್ಲಿ ಜಾಗವಿಲ್ಲ. ಅಪ್ಪನ ವಿಷಯ ಸುಮ್ಮನೆ ಸೇರಿಸಿದ್ದಲ್ಲ. ನಾಲ್ಕು ವರ್ಷದ ರಾತ್ರಿಗಳಲ್ಲಿ ಅಮ್ಮನಿಗೆ ಜ್ವರ ಬರುವ ರಾತ್ರಿಗಳೂ ಇರುತ್ತವೆ. ಪ್ಲಾಸ್ಟರ್ ಬಿಚ್ಚುವ ದಿನ ಇಬ್ಬರನ್ನೂ ಕೂರಿಸಿ, ಇಬ್ಬರ ಕೈಯಿಂದಲೂ ಎರಡೆರಡು ಸಲ ಬೂಟು ಕಟ್ಟಿಸಿ ಕಳುಹಿಸಿದರೆ ಆಸ್ಪತ್ರೆಯ ಅರ್ಧ ಗಂಟೆಯಷ್ಟೇ ಖರ್ಚಾಗುತ್ತದೆ.

ಅಮೆರಿಕದ ಕ್ರಿಸ್ಟಿ ಯಾಮಗುಚಿ ಸೊಟ್ಟಪಾದದೊಂದಿಗೆ ಹುಟ್ಟಿ 1992ರಲ್ಲಿ ಫಿಗರ್ ಸ್ಕೇಟಿಂಗಿನ ಒಲಿಂಪಿಕ್ ಚಿನ್ನ ಗೆದ್ದವರು. ಚಿನ್ನದ ಮಾತಿರಲಿ, ಚಿಕಿತ್ಸೆ ಪೂರ್ತಿ ಆದ ಮಕ್ಕಳು ಉಳಿದ ಮಕ್ಕಳಂತೆ ಓಡುತ್ತಾರೆ, ಮರ ಹತ್ತುತ್ತಾರೆ. ಆ ಕಾಲಿನ ಮೀನಖಂಡ ತುಸು ಸಣ್ಣ, ಪಾದ ತುಸು ಗಿಡ್ಡ ಉಳಿಯಬಹುದು, ಅಷ್ಟೇ. ಬ್ರೇಸ್ ಹಾಕಿದ್ದರೂ ಕೆಲವು ಪಾದಗಳು ಮತ್ತೆ ತಿರುಗುತ್ತವೆ. ಗುರುತಿಸುವುದು ಕಷ್ಟವಲ್ಲ. ಮಗು ಪಾದದ ಹೊರ ಅಂಚಿನ ಮೇಲೆ ನಡೆಯುತ್ತಿದೆಯೇ, ಕುಕ್ಕರಗಾಲಲ್ಲಿ ಕೂತಾಗ ಹಿಮ್ಮಡಿ ನೆಲ ಮುಟ್ಟದೆ ಮೇಲೇಳುತ್ತಿದೆಯೇ ಎಂದು ಆಗಾಗ ಗಮನಿಸಿದರೆ ಸಾಕು. ಹಾಗೆ ಕಂಡರೆ ಯಾರು ತಪ್ಪಿದರು ಎಂಬ ವಿಚಾರಣೆ ಬೇಡ, ಅದೇ ಕ್ಲಿನಿಕ್ಕಿಗೆ ಬೇಗ ಹೋಗಬೇಕು. ಬೇಗ ಹೋದರೆ ಬಹಳ ಸಲ ಇನ್ನೊಂದೆರಡು ಪ್ಲಾಸ್ಟರಿನಲ್ಲಿ ಮುಗಿಯುತ್ತದೆ. ಮೂರು ವರ್ಷ ದಾಟಿದ ಕೆಲವು ಮಕ್ಕಳಿಗೆ ಪಾದದ ಮುಂಭಾಗದ ಒಂದು ರಜ್ಜುವನ್ನು ಜಾಗ ಬದಲಿಸಿ ಕೂರಿಸುವ ಸಣ್ಣ ಶಸ್ತ್ರಚಿಕಿತ್ಸೆ ಬೇಕಾಗಬಹುದು.