ಮಿರಗ ತಪ್ಪಿದರೆ ಮುಂದೇನು?

ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡ ತಾಲ್ಲೂಕುಗಳ ಒಕ್ಕಲುತನ ಬಹುಪಾಲು ಮಳೆಯನ್ನೇ ನಂಬಿದೆ. ವರ್ಷದ ಸರಾಸರಿ ಮಳೆ 600 ಮಿ.ಮೀ. ಆಸುಪಾಸು. ಅದು ಎಷ್ಟು ಬಿತ್ತು ಎನ್ನುವುದಕ್ಕಿಂತ ಯಾವಾಗ ಬಿತ್ತು ಎನ್ನುವುದರ ಮೇಲೆ ವರ್ಷದ ಕಾಳು-ಕಡಿ ನಿಂತಿರುತ್ತದೆ. ಬರ, ನೆರೆಯಂಥ ದೊಡ್ಡ ಆಪತ್ತುಗಳ ಮಾತು ಬೇರೆ. ಮಿರಗದ (ಮೃಗಶಿರಾ) ಮಳೆ ಎಂಟು ದಿನ ತಡವಾಗುವುದು, ಹೆಸರುಕಾಯಿ ಬಿಡಿಸುವ ಹೊತ್ತಿಗೇ ಜಿಟಿಜಿಟಿ ಹಿಡಿಯುವುದು, ಪೈರು ಗೇಣುದ್ದ ಬಂದಾಗ ಮೋಡ ಬರಿದಾಗುವುದು ಸುದ್ದಿಯಾಗದ ಏಟುಗಳು. ಇವು ಯಾವ ವರ್ಷವೂ ತಪ್ಪುವುದಿಲ್ಲವಾದ್ದರಿಂದ ಇಲ್ಲಿನ ಬೇಸಾಯದ ಕ್ರಮದೊಳಗೇ ಅವುಗಳಿಗೆ ಜಾಗ ಮಾಡಿಡಲಾಗಿದೆ.

ರೋಣ, ನರಗುಂದದ ಹೆಚ್ಚಿನ ಹೊಲಗಳು ಎರೆ ಭೂಮಿ. ರೋಹಿಣಿ, ಮಿರಗ ಸಕಾಲಕ್ಕೆ ಸುರಿದರೆ ಮುಂಗಾರಿಗೆ ಹೆಸರು ಬಿತ್ತುತ್ತಾರೆ. ಎರಡು, ಎರಡೂವರೆ ತಿಂಗಳಲ್ಲಿ ಅದು ಕೈಗೆ ಬಂದು, ಅದೇ ಹೊಲ ಹಿಂಗಾರಿ ಜೋಳಕ್ಕೋ ಕಡಲೆಗೋ ತೆರವಾಗುತ್ತದೆ. ಮಳೆ ತೀರಾ ತಡವಾದರೆ ಹೆಸರಿನ ಆಸೆ ಬಿಟ್ಟು, ಹೊಲಕ್ಕೆ ಕುಂಟೆ ಹೊಡೆದು, ಕಳೆ ತೆಗೆದು ಖಾಲಿ ಇಡುತ್ತಾರೆ. ನೋಡುವವರಿಗೆ ಅದು ಪಾಳು ಬಿದ್ದ ನೆಲ. ಆದರೆ ಆಮೇಲೆ ಬಿದ್ದ ಮಳೆಯೆಲ್ಲ ಎರೆಯ ಆಳಕ್ಕಿಳಿದು ಹಿಂಗಾರಿಗೆ ಉಳಿಯುತ್ತದೆ; ತಡವಾಗಿ ಬಿತ್ತಿದ ಹೆಸರು ಹೊಲವನ್ನೂ ಹಿಡಿದು, ತೇವವನ್ನೂ ಹೀರಿ, ಮುಂದಿನ ಬೆಳೆಗೂ ಅಡ್ಡಿಯಾದೀತು. ಒಂದು ಬೆಳೆ ಕೈಬಿಡುವ ಈ ನಿರ್ಧಾರ ಬಿತ್ತುವುದಕ್ಕಿಂತ ಕಷ್ಟದ್ದು.

ಹಿಂಗಾರಿಯಲ್ಲೂ ಸರದಿ ಇದೆ. ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ನಡುವಿನವರೆಗೆ, ಅಂದರೆ ಉತ್ತರಿ, ಹಸ್ತ, ಚಿತ್ತಿ ಮಳೆಗಳ ಹದದಲ್ಲಿ ಬಿಳಿಜೋಳ. ಆ ಹೊತ್ತು ಮೀರಿತೋ, ಕೂರಿಗೆಗೆ ಕಡಲೆ ಬೀಜ ಬರುತ್ತದೆ. ಪಕ್ಕದ ಧಾರವಾಡ ಜಿಲ್ಲೆಯ ಅಣ್ಣಿಗೇರಿಯ ಹೆಸರು ಹೊತ್ತ ‘ಅಣ್ಣಿಗೇರಿ-1’ ತಳಿ ಈ ಸೀಮೆಯಲ್ಲಿ ಹೆಸರುವಾಸಿ. ಬೇರು ಆಳಕ್ಕಿಳಿಯುವ ಕುಸುಬೆಯೂ ಕಡಿಮೆ ತೇವದಲ್ಲಿ ಜೀವ ಹಿಡಿಯುತ್ತದೆ. ಜೋಳದ ಹೊಲದಂಚಿಗೆ ಅದನ್ನು ಬಿತ್ತಿದರೆ ಮುಳ್ಳಿನಿಂದಾಗಿ ದನವೂ ಒಳನುಗ್ಗುವುದಿಲ್ಲ.

ಬಿತ್ತಿದ ಮೇಲೆ ಮಳೆ ಕೈಕೊಟ್ಟರೆ ಎರೆ ಭೂಮಿಯ ಗುಣವೇ ಪೈರಿಗೆ ಶತ್ರುವಾಗುತ್ತದೆ. ನೀರು ಕುಡಿದಾಗ ಉಬ್ಬುವ ಈ ಜೇಡಿ ಒಣಗಿದಾಗ ಕುಗ್ಗಿ ಬಿರುಕು ಬಿಡುತ್ತದೆ. ಬಿರುಕಿನಲ್ಲಿ ಬೇರು ಹರಿಯುತ್ತದೆ, ಒಳಗಿನ ತೇವ ಆವಿಯಾಗುತ್ತದೆ. ಸಾಲುಗಳ ನಡುವೆ ಎಡೆಕುಂಟೆ ಹೊಡೆಯುವುದು ಇದಕ್ಕೇ. ಸಡಿಲಾದ ಮೇಲ್ಮಣ್ಣು ಬಿರುಕು ಮುಚ್ಚಿ ತೇವಕ್ಕೆ ಹೊದಿಕೆಯಾಗುತ್ತದೆ. ಕಳೆ ಸಾಯುವುದು ಜೊತೆಗೆ ಸಿಗುವ ಲಾಭ. ಬಿತ್ತನೆಗೆ ಮೊದಲೇ ಹೊಲವನ್ನು ಚೌಕುಮಡಿಗಳಾಗಿ ಕಟ್ಟಿದ್ದರೆ ಬಿದ್ದ ಮಳೆ ಬಿದ್ದಲ್ಲೇ ಇಂಗಿ ಈ ಕಷ್ಟ ಇನ್ನಷ್ಟು ಮುಂದಕ್ಕೆ ಹೋಗುತ್ತದೆ. 2014ರಲ್ಲಿ ಶುರುವಾದ ಕೃಷಿ ಭಾಗ್ಯ ಯೋಜನೆಯ ಕೃಷಿಹೊಂಡಗಳು ಒಂದೆರಡು ಸಲ ನೀರು ಹಾಯಿಸುವಷ್ಟು ಆಸರೆ ಒದಗಿಸಿದವು. ಹೊಂಡ ತುಂಬಲೂ ಒಂದು ದೊಡ್ಡ ಮಳೆ ಬೇಕು ಎಂಬುದು ಬೇರೆ ಮಾತು.

ಒಂದೇ ಬೆಳೆಯನ್ನು ನಂಬದಿರುವುದೂ ಹಳೆಯ ರೂಢಿ. ಈ ಭಾಗದಲ್ಲಿ ಉಳ್ಳಾಗಡ್ಡಿ, ಮೆಣಸಿನಕಾಯಿ, ಹತ್ತಿ ಒಂದೇ ಹೊಲದಲ್ಲಿ ಬೆಳೆಯುವುದುಂಟು. ಉಳ್ಳಾಗಡ್ಡಿ ಮೊದಲು ಕೈಗೆ ಬರುತ್ತದೆ, ಆಮೇಲೆ ಮೆಣಸಿನಕಾಯಿ, ಕೊನೆಗೆ ಹತ್ತಿ. ಮಳೆಗೋ ಪ್ಯಾಟಿಯ ದರಕ್ಕೋ ಒಂದು ಬಿದ್ದರೆ ಇನ್ನೊಂದಕ್ಕೆ ಕಾಯಲು ಅವಕಾಶವಿದೆ. ಎರೆ ಹದವಾಗಿರುವುದು ಕೆಲವೇ ದಿನವಾದ್ದರಿಂದ ಆಳು ಸಿಗದಿದ್ದರೆ ಮುಯ್ಯಿ ನಡೆಯುತ್ತದೆ: ಇಂದು ಇವರ ಹೊಲ, ನಾಳೆ ಅವರದು. ಹಿಂದೆ ಸುಗ್ಗಿ ಚೆನ್ನಾದ ವರ್ಷ ನೆಲದೊಳಗಿನ ಹಗೇವಿಗೆ ಜೋಳ ತುಂಬಿ ಬಾಯಿ ಮುಚ್ಚಿಡುತ್ತಿದ್ದರು. ಬೆಳೆ ಕೈಕೊಟ್ಟ ವರ್ಷ ಅದನ್ನು ತೆಗೆಯುತ್ತಿದ್ದರು.

ನರಗುಂದಕ್ಕೆ ಮಲಪ್ರಭಾ ಕಾಲುವೆ ಬಂದ ಮೇಲೆ ಮಳೆಯ ಜೊತೆ ಕಾಲುವೆಯ ನೀರನ್ನೂ ಕಾಯುವುದು ಸೇರಿತು. ಎಲ್ಲಕ್ಕೂ ಒಗ್ಗಿಕೊಳ್ಳುವುದು ಇಲ್ಲಿನ ಸ್ವಭಾವ ಎಂದುಕೊಳ್ಳಬೇಕಿಲ್ಲ. ನೀರಾವರಿಯ ಅಭಿವೃದ್ಧಿ ಕರದ ವಿರುದ್ಧ ಎದ್ದ ನರಗುಂದ, ನವಲಗುಂದದ ರೈತರು 1980ರ ಜುಲೈ 21ರಂದು ಪೊಲೀಸರ ಗುಂಡಿಗೂ ಎದೆಯೊಡ್ಡಿದರು. ಮಳೆಯ ಹುಸಿಗೆ ಬಿತ್ತನೆ ಬದಲಿಸಬಹುದು. ಕರಕ್ಕೆ ಆ ಉಪಾಯವಿಲ್ಲ.

ಗಜೇಂದ್ರಗಡದ ಗುಡ್ಡದ ಕಡೆ ಮಸಾರಿ ನೆಲದ ಲೆಕ್ಕವೇ ಬೇರೆ. ಅದು ತೇವ ಹಿಡಿದಿಡದು. ಮಳೆ ಸ್ವಲ್ಪ ತಡೆದರೂ ಪೈರು ಬಾಡುತ್ತದೆ. ಶೇಂಗಾ, ಸಜ್ಜೆ ಮುಂಗಾರಿನ ಬೆಳೆಗಳು. ಅವಕ್ಕೆ ಹೊತ್ತು ಮೀರಿದರೆ ಹುರುಳಿ: ಬಡ ನೆಲಕ್ಕೂ ತಡ ಮಳೆಗೂ ಒಗ್ಗುವ ಕಾಳು. ಇಳುವರಿ ಕಡಿಮೆಯಾದರೂ ದನಕ್ಕೆ ಹೊಟ್ಟು, ಮನೆಗೆ ಸಾರಿನ ಕಾಳು ಸಿಗುತ್ತದೆ. ಹುರುಳಿಗೂ ಕಾಲ ಕಳೆದರೆ ಮುಂದಿನ ಮುಂಗಾರಿಗೆಂದು ಹೊಲಕ್ಕೆ ರಂಟೆ ಹೂಡುತ್ತಾರೆ.