ನೀರು ನಿಂತರೂ ಕಷ್ಟ, ಬತ್ತಿದರೂ ಕಷ್ಟ: ಇಂಧನಕೋಶದ ಪೇಟೆಂಟ್ ವ್ಯಾಜ್ಯ

ಯಾದಗಿರಿ ತಾಲ್ಲೂಕಿನ ಹತ್ತಿಕುಣಿಯಲ್ಲಿ ಜಲಾಶಯವಿದೆ. ಕಾಲುವೆ ನೀರಾವರಿಯನ್ನು ಬಲ್ಲ ಈ ಸೀಮೆಯ ರೈತನಿಗೆ ಒಂದು ಮಾತನ್ನು ಯಾರೂ ಕಲಿಸಬೇಕಾಗಿಲ್ಲ. ಎರೆಭೂಮಿಯಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ಕಾಲುವೆಯ ಕೊನೆಯಂಚಿಗೆ ನೀರು ತಲುಪದಿದ್ದರೆ ಪೈರು ಒಣಗುತ್ತದೆ. ಜಲಜನಕದಿಂದ ವಿದ್ಯುತ್ ಉತ್ಪಾದಿಸುವ ಇಂಧನಕೋಶದೊಳಗೂ ಇದೇ ಪೇಚಾಟ ನಡೆಯುತ್ತದೆ. ಅದನ್ನು ಬಗೆಹರಿಸುವ ಉಪಾಯವು ಆವಿಷ್ಕಾರವೇ ಅಥವಾ ಯಾರಿಗಾದರೂ ಹೊಳೆಯಬಹುದಾದ ಮಾರ್ಪಾಡೇ ಎಂಬುದೇ ಪೇಟೆಂಟ್ ವ್ಯಾಜ್ಯಗಳ ತಿರುಳು.

ಕೋಶದೊಳಗಿನ ಕಾಲುವೆ

ಇಂಧನಕೋಶದಲ್ಲಿ ಜಲಜನಕವೂ ಗಾಳಿಯ ಆಮ್ಲಜನಕವೂ ಕೂಡಿ ವಿದ್ಯುತ್ತು, ಶಾಖ ಮತ್ತು ನೀರು ಹುಟ್ಟುತ್ತವೆ. ನಡುವಿನ ತೆಳುಪೊರೆ ತೇವವಾಗಿದ್ದರೆ ಮಾತ್ರ ಅದರ ಮೂಲಕ ಪ್ರೋಟಾನುಗಳು ಸರಾಗವಾಗಿ ಸಾಗುತ್ತವೆ. ಆದರೆ ನೀರು ಹೆಚ್ಚಾದರೆ ಅನಿಲದ ದಾರಿಯೇ ಮುಚ್ಚಿಹೋಗುತ್ತದೆ.

ಅನಿಲ ಹರಿಯುವುದು ಫಲಕದಲ್ಲಿ ಕೊರೆದ ಸಣ್ಣ ಕಾಲುವೆಗಳಲ್ಲಿ. ಇವು ಸಮಾನಾಂತರವಾಗಿದ್ದರೆ ಒತ್ತಡದ ನಷ್ಟ ಕಡಿಮೆ. ಆದರೆ ಒಂದರಲ್ಲಿ ಹನಿ ಸಿಕ್ಕಿಕೊಂಡರೆ ಅನಿಲವು ಪಕ್ಕದ ದಾರಿ ಹಿಡಿಯುತ್ತದೆ, ಹನಿ ಅಲ್ಲಿಯೇ ಉಳಿಯುತ್ತದೆ. ಹಾವಿನಂತೆ ಸುತ್ತುವ ಒಂದೇ ಕಾಲುವೆಯಾದರೆ ಅನಿಲವು ಹನಿಯನ್ನು ಮುಂದಕ್ಕೆ ತಳ್ಳುತ್ತದೆ. ಅದಕ್ಕೆ ಹೆಚ್ಚಿನ ಒತ್ತಡ ಬೇಕು. ಈ ಎರಡೂ ವಿಧಾನಗಳು ತಜ್ಞರಿಗೆ ಚಿರಪರಿಚಿತ. ಹೀಗಿರುವಾಗ ಕಾಲುವೆಯ ಅಗಲವನ್ನೋ ಆಳವನ್ನೋ ಬದಲಿಸಿದವನಿಗೆ 20 ವರ್ಷಗಳ ಏಕಸ್ವಾಮ್ಯ ಸಲ್ಲಬೇಕೇ?

ಕಾನೂನಿನ ಒರೆಗಲ್ಲು

ಭಾರತದ 1970ರ ಪೇಟೆಂಟ್ ಕಾಯ್ದೆಯ ಪ್ರಕಾರ, ತಾಂತ್ರಿಕ ಮುನ್ನಡೆ ಅಥವಾ ಆರ್ಥಿಕ ಮಹತ್ವ ಇದ್ದರಷ್ಟೇ ಸಾಲದು. ಆ ಕ್ಷೇತ್ರದ ನುರಿತ ವ್ಯಕ್ತಿಗೆ ಅದು ಸಹಜವಾಗಿ ಹೊಳೆಯುವಂತಿರಬಾರದು. ಪಾತ್ರೆ ತಯಾರಿಕೆಯ ಸಾಧನಕ್ಕೆ ಸಂಬಂಧಿಸಿದ ಬಿಶ್ವನಾಥ ಪ್ರಸಾದ್ ಪ್ರಕರಣದಲ್ಲಿ 1978ರಲ್ಲಿ ಸುಪ್ರೀಂ ಕೋರ್ಟ್, ಕಾರ್ಯಾಗಾರದ ಸಾಮಾನ್ಯ ಸುಧಾರಣೆ ಪೇಟೆಂಟಿಗೆ ಅರ್ಹವಲ್ಲ ಎಂದಿತು. ಅಮೆರಿಕದಲ್ಲಿ 1966ರಲ್ಲಿ ಇದೇ ಪ್ರಶ್ನೆ ಬಂದದ್ದು ಕಲ್ಲುನೆಲದಲ್ಲಿ ಉಳುವ ನೇಗಿಲಿನ ಬಿಡಿಭಾಗದ ವಿಷಯದಲ್ಲಿ. ಅಲ್ಲಿಯೂ ಪೇಟೆಂಟ್ ಉಳಿಯಲಿಲ್ಲ.

ಎದುರಾಳಿ ಸಾಮಾನ್ಯವಾಗಿ ಎರಡು ಹಳೆಯ ದಾಖಲೆಗಳನ್ನು ಮುಂದಿಟ್ಟು, ಇವನ್ನು ಜೋಡಿಸಿದರೆ ಸಾಕಿತ್ತು ಎನ್ನುತ್ತಾನೆ. ಅರ್ಜಿದಾರನ ಉತ್ತರ ಬೇರೆ: ಹಳೆಯ ದಾಖಲೆಗಳು ಈ ದಾರಿ ಬೇಡವೆಂದೇ ಎಚ್ಚರಿಸಿದ್ದವು, ನಾನು ಪಡೆದ ಫಲಿತಾಂಶವನ್ನು ಯಾರೂ ನಿರೀಕ್ಷಿಸಿರಲಿಲ್ಲ. ಒಗಟು ಬಿಡಿಸಿದ ಮೇಲೆ ಎಲ್ಲರಿಗೂ ಅದು ಸುಲಭವೇ. ಆದ್ದರಿಂದ ಅರ್ಜಿಯ ದಿನಾಂಕಕ್ಕೆ ಮುನ್ನ ಇದ್ದ ತಿಳಿವಳಿಕೆಯನ್ನಷ್ಟೇ ಅಳತೆಗೋಲಾಗಿ ಹಿಡಿಯಬೇಕಾಗುತ್ತದೆ.

ನಮಗೇಕೆ ಈ ಚಿಂತೆ?

2015ರ ಜನವರಿಯಲ್ಲಿ ಟೊಯೊಟಾ ಕಂಪನಿಯು ಅರ್ಜಿ ಹಂತದವೂ ಸೇರಿ ಸುಮಾರು 5,680 ಇಂಧನಕೋಶ ಪೇಟೆಂಟುಗಳನ್ನು ಶುಲ್ಕವಿಲ್ಲದೆ ಬಳಸಲು ತೆರೆದಿಟ್ಟಿತು. ಈ ಕ್ಷೇತ್ರದ ಬೇಲಿಗಳು ಎಷ್ಟು ದಟ್ಟವೆಂಬುದಕ್ಕೆ ಇದೊಂದೇ ಸಂಖ್ಯೆ ಸಾಕು. ಭಾರತವು 2023ರಲ್ಲಿ 19,744 ಕೋಟಿ ರೂಪಾಯಿಗಳ ಹಸಿರು ಜಲಜನಕ ಯೋಜನೆಗೆ ಒಪ್ಪಿಗೆ ನೀಡಿದೆ. ಸಣ್ಣಪುಟ್ಟ ಮಾರ್ಪಾಡಿಗೆಲ್ಲ ಪೇಟೆಂಟ್ ಸಿಕ್ಕರೆ ಹೊಸ ಉದ್ಯಮಿಗೆ ಹೆಜ್ಜೆಹೆಜ್ಜೆಗೂ ಸುಂಕದಕಟ್ಟೆ; ನಿಜವಾದ ಆವಿಷ್ಕಾರಕ್ಕೂ ರಕ್ಷಣೆ ಸಿಗದಿದ್ದರೆ ಪ್ರಯೋಗಾಲಯದಲ್ಲಿ ಹಣ ಹೂಡುವವರಿಲ್ಲ.

ಕರ್ನಾಟಕದ ಅರ್ಜಿಗಳು ಹೋಗುವುದು ಚೆನ್ನೈನ ಪೇಟೆಂಟ್ ಕಚೇರಿಗೆ. ಅರ್ಜಿ ಪ್ರಕಟವಾದ ಬಳಿಕ, ಪೇಟೆಂಟ್ ನೀಡುವ ಮುನ್ನ ಯಾವ ವ್ಯಕ್ತಿಯಾದರೂ ಆಕ್ಷೇಪ ಸಲ್ಲಿಸಬಹುದು. ನೀಡಿದ್ದು ಪ್ರಕಟವಾದ ಬಳಿಕ ಒಂದು ವರ್ಷದೊಳಗೆ ಹಿತಾಸಕ್ತಿಯುಳ್ಳವರು ಪ್ರಶ್ನಿಸಬಹುದು. 2021ರಲ್ಲಿ ಮೇಲ್ಮನವಿ ಮಂಡಳಿ ರದ್ದಾದ ನಂತರ ಮೇಲ್ಮನವಿಗಳನ್ನು ಹೈಕೋರ್ಟುಗಳೇ ಆಲಿಸುತ್ತಿವೆ. ಬೇಲಿ ಹಾಕುವ ಮುನ್ನವೇ ಗಡಿಕಲ್ಲು ನೋಡುವುದು ಜಾಣತನ.