ಆಟದ ಗಣಕಯಂತ್ರದ ಹಸಿವು

ಮನೆಯಲ್ಲಿ ಅತ್ಯಧಿಕವಾಗಿ ವಿದ್ಯುತ್ತನ್ನು ಕಬಳಿಸುವ ಉಪಕರಣಗಳಾವುವೆಂದು ಕೇಳಿದರೆ ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಗೀಸರು ಮೊದಲಾದವನ್ನು ಹೆಸರಿಸುವೆವು. ಶಾಖವನ್ನು ಕೊಡಲೆಂದೇ ಹುಟ್ಟಿದ ವಸ್ತುಗಳಿವು; ಅವುಗಳ ಹಸಿವಿನಲ್ಲಿ ಆಶ್ಚರ್ಯವಿಲ್ಲ. ಆದರೆ ತೆರೆಯ ಮೇಲೆ ಚಿತ್ರಗಳನ್ನು ಕುಣಿಸುವ ಆಟದ ಕಂಪ್ಯೂಟರೂ ಈಚೆಗೆ ಇದೇ ಪಂಕ್ತಿಯಲ್ಲಿ ಬಂದು ಕುಳಿತಿದೆ. 2017ರಲ್ಲಿ ಎನ್‌ವಿಡಿಯಾ ಸಂಸ್ಥೆಯವರು ಹೊರತಂದ ಜಿಟಿಎಕ್ಸ್ 1080 ಟಿಐ ಎಂಬ ಗ್ರಾಫಿಕ್ಸ್ ಕಾರ್ಡಿಗೆ 250 ವಾಟ್ ಸಾಕಾಗಿತ್ತು. 2022ರ ಆರ್‌ಟಿಎಕ್ಸ್ 4090 ಕಾರ್ಡು 450 ವಾಟ್ ಬೇಡಿತು. 2025ರ ಆರ್‌ಟಿಎಕ್ಸ್ 5090 ಬೇಡುವುದು 575 ವಾಟ್. ಬಿಡುಗಡೆಯ ಕಾಲದಲ್ಲಿ ಸಾರಿದ ಬೆಲೆಗಳು ಕ್ರಮವಾಗಿ 699, 1599 ಮತ್ತು 1999 ಡಾಲರು. ಯಂತ್ರ ಸುಧಾರಿಸಿದಂತೆ ಅದರ ಹಸಿವು ಕುಗ್ಗಬೇಕಲ್ಲವೆ?

ಒಂದು ಕಾಲಕ್ಕೆ ಕುಗ್ಗುತ್ತಲೇ ಇತ್ತು. ಟ್ರಾನ್ಸಿಸ್ಟರೆಂಬುದು ಒಂದು ಸ್ವಿಚ್ಚು. ಅದು ತೆರೆದು ಮುಚ್ಚುವಾಗಲೆಲ್ಲ ಒಂದು ಅತಿ ಸಣ್ಣ ಕೆಪಾಸಿಟರು ವಿದ್ಯುದಾವೇಶದಿಂದ ತುಂಬಿ ಬರಿದಾಗುತ್ತದೆ. ಹೀಗೆ ವ್ಯಯವಾಗುವ ಶಕ್ತಿಯು ವೋಲ್ಟೇಜಿನ ವರ್ಗಕ್ಕೂ, ಸೆಕೆಂಡಿಗೆ ಎಷ್ಟು ಬಾರಿ ಈ ಕ್ರಿಯೆ ನಡೆಯುವುದೆಂಬ ಆವೃತ್ತಿಗೂ ಅನುಪಾತದಲ್ಲಿರುವುದು. ಟ್ರಾನ್ಸಿಸ್ಟರಿನ ಗಾತ್ರವನ್ನು ಕುಗ್ಗಿಸಿದಂತೆಲ್ಲ ವೋಲ್ಟೇಜನ್ನೂ ಅದೇ ಪ್ರಮಾಣದಲ್ಲಿ ತಗ್ಗಿಸಿದರೆ, ಅಷ್ಟೇ ಜಾಗದಲ್ಲಿ ಹೆಚ್ಚು ಟ್ರಾನ್ಸಿಸ್ಟರುಗಳು ಹೆಚ್ಚು ವೇಗದಿಂದ ದುಡಿದರೂ ಶಾಖವು ಏರುವುದಿಲ್ಲವೆಂದು 1974ರಲ್ಲಿ ಐಬಿಎಂ ಸಂಸ್ಥೆಯ ರಾಬರ್ಟ್ ಡೆನ್ನಾರ್ಡರೂ ಅವರ ಸಂಗಡಿಗರೂ ತೋರಿಸಿಕೊಟ್ಟರು. ಮುಂದಿನ ಮೂರು ದಶಕಗಳ ಪ್ರಗತಿಗೆ ಈ ನಿಯಮವೇ ಆಧಾರ. ಆದರೆ ವೋಲ್ಟೇಜು ಬಹಳ ತಗ್ಗಿದಾಗ ಟ್ರಾನ್ಸಿಸ್ಟರು ಪೂರ್ತಿಯಾಗಿ ಮುಚ್ಚಲಾರದು; ಸವೆದ ನಲ್ಲಿಯಿಂದ ನೀರು ತೊಟ್ಟಿಕ್ಕುವಂತೆ ಪ್ರವಾಹವು ಸೋರತೊಡಗುತ್ತದೆ. ಆದುದರಿಂದ ಸುಮಾರು 2005ರ ವೇಳೆಗೆ ವೋಲ್ಟೇಜು ಒಂದರ ಆಸುಪಾಸಿನಲ್ಲಿ ಬಂದು ನಿಂತಿತು. ಅಲ್ಲಿಂದೀಚೆಗೆ ಹೆಚ್ಚು ಕೆಲಸಕ್ಕೆ ಹೆಚ್ಚು ಶಕ್ತಿಯನ್ನು ತೆರಲೇಬೇಕಾಗಿದೆ.

4090 ಮತ್ತು 5090ಗಳನ್ನು ಹೋಲಿಸಿದರೆ ಇದು ಸ್ಫುಟವಾಗುವುದು. ಎರಡರ ಸಿಲಿಕಾನ್ ಬಿಲ್ಲೆಗಳೂ ಬಹುಮಟ್ಟಿಗೆ ಒಂದೇ ತಲೆಮಾರಿನ ತಯಾರಿಕಾ ವಿಧಾನದವು. ಟ್ರಾನ್ಸಿಸ್ಟರುಗಳು 7630 ಕೋಟಿಯಿಂದ 9220 ಕೋಟಿಗೆ ಏರಿದರೆ, ಬಿಲ್ಲೆಯ ವಿಸ್ತೀರ್ಣ ಸುಮಾರು 609ರಿಂದ 750 ಚದರ ಮಿಲಿಮೀಟರಿಗೆ ಹಿಗ್ಗಿತು. ಸೂಕ್ಷ್ಮತೆ ಹೆಚ್ಚಲಿಲ್ಲ, ಗಾತ್ರ ಹೆಚ್ಚಿತು. ಹಸಿವೂ ಬೆಲೆಯೂ ಜೊತೆಗೇ ಹೆಚ್ಚಿದುವು. ಬಿಲ್ಲೆ ದೊಡ್ಡದಾದಷ್ಟೂ ಅದರಲ್ಲಿ ದೋಷ ಕಾಣಿಸಿಕೊಳ್ಳುವ ಸಂಭವ ಅಧಿಕ. ಕೆಟ್ಟ ಬಿಲ್ಲೆಗಳ ಖರ್ಚನ್ನೂ ಒಳ್ಳೆಯವೇ ಹೊರಬೇಕು. ಕೃತಕ ಬುದ್ಧಿಮತ್ತೆಯ ಉದ್ಯಮವೂ ಇಂಥ ಬಿಲ್ಲೆಗಳಿಗಾಗಿಯೇ ಪೈಪೋಟಿ ನಡೆಸಿದೆ. ವಿದ್ಯುತ್ತಿನ ಲೆಕ್ಕ ಬೇರೆ: ಇಡೀ ಯಂತ್ರಕ್ಕೆ 800 ವಾಟ್ ಎಂದಿಟ್ಟುಕೊಂಡು ದಿನಕ್ಕೆ 3 ಗಂಟೆ ಆಡಿದರೆ ತಿಂಗಳಿಗೆ 72 ಯೂನಿಟ್ಟು.

ಇನ್ನು ಈ ಶಕ್ತಿಯನ್ನು ಒಳಗೆ ಒಯ್ಯುವ ತಂತಿಗಳ ಕಷ್ಟವನ್ನು ನೋಡೋಣ. ಕಾರ್ಡಿಗೆ ವಿದ್ಯುತ್ತು ಬರುವುದು 12 ವೋಲ್ಟಿನಲ್ಲಿ. ಹೊಸ ಜೋಡಣೆಯ ಮಿತಿ 600 ವಾಟ್. ಎಂದರೆ 50 ಆಂಪೇರು. ಇದನ್ನು ಹೊತ್ತು ತರಲು ಇರುವುದು ಬೆರಳಗಲದ ಒಂದು ಪ್ಲಗ್ಗಿನ 6 ಪಿನ್ನುಗಳು. ಪ್ರತಿಯೊಂದರ ಪಾಲಿಗೆ ಎಂಟೂಕಾಲು ಆಂಪೇರಿಗಿಂತ ತುಸು ಹೆಚ್ಚು. ಎರಡು ಪಿನ್ನುಗಳು ಸರಿಯಾಗಿ ತಾಗಲಿಲ್ಲವೆಂದು ಭಾವಿಸಿ. ಆಗ ಉಳಿದ ನಾಲ್ಕರಲ್ಲಿ ತಲಾ ಹನ್ನೆರಡೂವರೆ ಆಂಪೇರು ಹರಿಯಬೇಕು. ಶಾಖವು ಪ್ರವಾಹದ ವರ್ಗವನ್ನು ಅನುಸರಿಸುವುದರಿಂದ ಪ್ರವಾಹ ಒಂದೂವರೆ ಪಟ್ಟಾದರೆ ಶಾಖ ಎರಡೂಕಾಲು ಪಟ್ಟು! 2022ರ ಅಕ್ಟೋಬರಿನಲ್ಲಿ 4090 ಮಾರುಕಟ್ಟೆಗೆ ಬಂದ ಕೆಲವೇ ದಿನಗಳಲ್ಲಿ ಪ್ಲಗ್ಗುಗಳು ಕರಗಿದ ಸುದ್ದಿ ಹಬ್ಬಿತು. ಸುಮಾರು 50 ಪ್ರಕರಣಗಳು ತಿಳಿದುಬಂದಿವೆಯೆಂದೂ, ಪ್ಲಗ್ಗನ್ನು ಪೂರ್ತಿ ಒಳಗೆ ತೂರಿಸದಿದ್ದುದು ಸಾಮಾನ್ಯ ಕಾರಣವೆಂದೂ ಎನ್‌ವಿಡಿಯಾ ನವೆಂಬರಿನಲ್ಲಿ ಹೇಳಿತು. 2023ರಲ್ಲಿ ಜೋಡಣೆಯನ್ನು ತಿದ್ದಿದರು. ಆದರೂ 2025ರಲ್ಲಿ 5090ಗಳ ಪ್ಲಗ್ಗುಗಳೂ ಕರಗಿದುವು. ಬಳಸುವವನನ್ನೇ ದೂರುವುದು ನನಗೆ ಅಷ್ಟಾಗಿ ಒಪ್ಪಿಗೆಯಿಲ್ಲ. ದೂರದ ಊರಿಗೆ ವಿದ್ಯುತ್ತನ್ನು ಸಾಗಿಸುವವರು ವೋಲ್ಟೇಜನ್ನು ಏರಿಸಿ ಪ್ರವಾಹವನ್ನು ತಗ್ಗಿಸುವ ಉಪಾಯವನ್ನು ಬಹು ಹಿಂದೆಯೇ ಕಂಡುಕೊಂಡರಷ್ಟೆ. 12ರ ಬದಲು 48 ವೋಲ್ಟಾದರೆ ಪ್ರವಾಹ ಕಾಲುಭಾಗ, ತಂತಿಯ ಶಾಖ ಹದಿನಾರನೆಯ ಒಂದು ಭಾಗ. ಅನೇಕ ದೊಡ್ಡ ಗಣಕಕೇಂದ್ರಗಳು ಈ ದಾರಿ ಹಿಡಿದಿವೆ. ಮನೆಯ ಕಂಪ್ಯೂಟರಾದರೋ ಹಳೆಯ ಸಂಪ್ರದಾಯವನ್ನು ಬಿಟ್ಟಿಲ್ಲ.

ಕರಗಿದ ಪ್ಲಗ್ಗು ಕಣ್ಣಿಗಾದರೂ ಕಾಣುತ್ತದೆ. ಪ್ರೊಸೆಸರಿನ ಒಳಗೆ ನಡೆಯುವುದು ಕಾಣದು. ಇಂಟೆಲ್ ಸಂಸ್ಥೆಯ 13 ಮತ್ತು 14ನೆಯ ತಲೆಮಾರಿನ ಐ9 ಪ್ರೊಸೆಸರಿಗೆ ಗೊತ್ತುಮಾಡಿದ ಗರಿಷ್ಠ ಶಕ್ತಿ 253 ವಾಟ್. ಒಂದು ವೋಲ್ಟಿಗಿಂತ ತುಸು ಹೆಚ್ಚಿನ ವೋಲ್ಟೇಜಿನಲ್ಲಿ ಇಷ್ಟು ಶಕ್ತಿ ಬೇಕಾದರೆ ಸುಮಾರು 200 ಆಂಪೇರು ಹರಿಯಬೇಕು. ಮೋಟಾರು ಕಾರಿನ ಸ್ಟಾರ್ಟರು ಸೆಳೆಯುವ ಪ್ರವಾಹಕ್ಕೆ ಇದು ಸಮೀಪದ್ದು. ದಾರಿಯಲ್ಲಿ ಅರ್ಧ ಮಿಲಿ ಓಮ್ ರೋಧವಿದ್ದರೂ ಒಂದು ವೋಲ್ಟಿನ ಹತ್ತನೆಯ ಒಂದು ಭಾಗ ಅಲ್ಲೇ ನಷ್ಟ. ಹಠಾತ್ತನೆ ಕೆಲಸದ ಹೊರೆ ಬಿದ್ದಾಗ ವೋಲ್ಟೇಜು ಕುಸಿದು ಲೆಕ್ಕ ತಪ್ಪಬಾರದೆಂದು ಅದನ್ನು ಮೊದಲೇ ಕೊಂಚ ಮೇಲಿಟ್ಟಿರುತ್ತಾರೆ. ಆದರೆ ವೋಲ್ಟೇಜು ಅತಿಯಾದರೆ ಟ್ರಾನ್ಸಿಸ್ಟರುಗಳು ಬೇಗ ಮುಪ್ಪಾಗುವುವು.

ಆದುದೂ ಇದೇ. ಆಟಗಳು ನಡುವೆ ನಿಲ್ಲತೊಡಗಿದುವು. ವಿಡಿಯೋ ಮೆಮೊರಿ ಸಾಲದೆಂಬ ಸೂಚನೆ ತೆರೆಯ ಮೇಲೆ ಬರುತ್ತಿದ್ದುದರಿಂದ ಜನರು ನಿರಪರಾಧಿಯಾದ ಗ್ರಾಫಿಕ್ಸ್ ಕಾರ್ಡನ್ನು ಸಂಶಯಿಸಿದರು; ದತ್ತಾಂಶವನ್ನು ಬಿಡಿಸುವಾಗ ತಪ್ಪುತ್ತಿದ್ದುದು ಪ್ರೊಸೆಸರು. ಅಧಿಕ ವೋಲ್ಟೇಜು ಮತ್ತು ತಾಪಗಳಿಂದ, ಕಾಲವನ್ನು ಅಳೆದುಕೊಡುವ ಗಡಿಯಾರದ ಮಂಡಲವೊಂದು ಮುಪ್ಪಾಗಿ, ಸರಿಯಾಗಿ ದುಡಿಯಲು ಬೇಕಾದ ಕನಿಷ್ಠ ವೋಲ್ಟೇಜೇ ಏರಿಬಿಡುತ್ತಿತ್ತೆಂದು ಇಂಟೆಲ್ 2024ರ ಸೆಪ್ಟೆಂಬರಿನಲ್ಲಿ ವಿವರಿಸಿತು. ಸೂಚನಾವಳಿಯನ್ನು ತಿದ್ದಿತು; ಖಾತರಿಯ ಅವಧಿಯನ್ನು 2 ವರ್ಷ ವಿಸ್ತರಿಸಿತು. ಆದರೆ ಆಗಲೇ ಮುಪ್ಪಾದ ಬಿಲ್ಲೆಗೆ ಯೌವನ ಮರಳದು, ಅದನ್ನು ಬದಲಾಯಿಸಲೇಬೇಕು.

ಗರಿಷ್ಠ ವೇಗದ ಕೊನೆಯ ಮೆಟ್ಟಿಲುಗಳೇ ಅತ್ಯಂತ ದುಬಾರಿ. ಆವೃತ್ತಿಯನ್ನು ಏರಿಸಲು ವೋಲ್ಟೇಜನ್ನೂ ಏರಿಸಬೇಕಾಗಿರುವುದರಿಂದ ಶಕ್ತಿಯು ಸ್ಥೂಲವಾಗಿ ಆವೃತ್ತಿಯ ಘನದಂತೆ ಬೆಳೆಯುತ್ತದೆ. ಎರಡನ್ನೂ ನೂರಕ್ಕೆ ಹತ್ತರಷ್ಟು ಇಳಿಸಿ ನೋಡಿ: 0.9ರ ಘನ 0.729. ವೇಗದಲ್ಲಿ ಹತ್ತನೆಯ ಒಂದು ಪಾಲನ್ನು ಬಿಟ್ಟರೆ ಶಕ್ತಿಯಲ್ಲಿ ಕಾಲುಭಾಗಕ್ಕೂ ಮಿಗಿಲಾದ ಉಳಿತಾಯ. ಶಕ್ತಿಯ ಮಿತಿಯನ್ನು ಇಳಿಸುವ ಅನುಕೂಲ ಬಹುತೇಕ ಗ್ರಾಫಿಕ್ಸ್ ಕಾರ್ಡುಗಳಲ್ಲಿದೆ. ಅದಕ್ಕೆ ಬಿಡಿಗಾಸಿನ ಖರ್ಚೂ ಇಲ್ಲ.